ಸ್ಪಾರ್ಕ್ ಬರ್ತಿಲ್ಲ, ಡಿಸ್ಟ್ರಿಬ್ಯೂಟರ್ ಹೋಗಿದೆಯಾ?

ಪ್ರಶ್ನೆ: ನನ್ನದು ಪಾಯಿಂಟ್ ಇರುವ ಹಳೇ ಮಾರುತಿ 800. ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಆದ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಪ್ಲಗ್‌ನಲ್ಲಿ ಸ್ಪಾರ್ಕ್ ಇಲ್ಲ. ಡಿಸ್ಟ್ರಿಬ್ಯೂಟರ್ ಪೂರ್ತಿ ಬದಲಾಯಿಸಬೇಕು ಅಂತಾರೆ ಮೆಕ್ಯಾನಿಕ್. ನಿಜವೇ?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಒಮ್ಮೆ ಪದ್ಮಿನಿ, ಒಮ್ಮೆ ಅಂಬಾಸಿಡರ್, ಈ ಸಲ 800. ಉತ್ತರ ಮಾತ್ರ ಅದೇ: ಇನ್ನೂ ದುಡ್ಡು ಕೊಡಬೇಡಿ.

‘ಸ್ಪಾರ್ಕ್ ಇಲ್ಲ ಅಂದ್ರೆ ಡಿಸ್ಟ್ರಿಬ್ಯೂಟರ್ ಹೋಯ್ತು’ ಅನ್ನುವುದನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಈ ಡಿಸ್ಟ್ರಿಬ್ಯೂಟರ್ ಬಲ್ಬಿನ ಹಾಗೆ ಒಂದೇ ಸಲ ಹೋಗುವ ವಸ್ತುವಲ್ಲ. ಒಳಗೆ ಮೂರು ಬೇರೆ ಬೇರೆ ಕೆಲಸ ನಡೆಯುತ್ತದೆ. ಪಾಯಿಂಟ್ (ತೆರೆದು ಮುಚ್ಚುವ ಪುಟ್ಟ ಸ್ವಿಚ್) ಮತ್ತು ಕಂಡೆನ್ಸರ್ (ಆ ಸ್ವಿಚ್ ಸುಡದಂತೆ ಕಾಯುವ ಬಿಡಿಭಾಗ) ಸೇರಿ, ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಹೋಗುವ ಕರೆಂಟನ್ನು ಸರಿಯಾದ ಗಳಿಗೆಗೆ ಕಡಿಯುತ್ತವೆ. ಆಗ ಕಾಯಿಲ್‌ನಲ್ಲಿ ಹುಟ್ಟುವ ಸಾವಿರಾರು ವೋಲ್ಟನ್ನು ನಡುವೆ ತಿರುಗುವ ರೋಟರ್ ಮತ್ತು ಮೇಲೆ ಮುಚ್ಚುವ ಕ್ಯಾಪ್ ಒಂದೊಂದೇ ಪ್ಲಗ್‌ಗೆ ಹಂಚುತ್ತವೆ. ತಳದಲ್ಲಿರುವ ತೂಕದ ತುಂಡುಗಳು ಮತ್ತು ಪಕ್ಕದ ವ್ಯಾಕ್ಯೂಮ್ ಡಬ್ಬಿ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಬರುವ ಗಳಿಗೆಯನ್ನು, ಹಿಂದೆ ಮುಂದೆ ಮಾಡುತ್ತವೆ. ಅವು ಕೆಟ್ಟರೆ ಪಿಕಪ್, ಮೈಲೇಜ್ ಹೋಗುತ್ತದೆಯೇ ಹೊರತು ಸ್ಪಾರ್ಕ್ ಹೋಗುವುದಿಲ್ಲ. ಪಾಯಿಂಟ್, ಕಂಡೆನ್ಸರ್, ರೋಟರ್, ಕ್ಯಾಪ್ ಎಲ್ಲವೂ ಬಿಡಿಬಿಡಿಯಾಗಿ ಬದಲಾಯಿಸುವಂಥವು. ಇಡೀ ಡಿಸ್ಟ್ರಿಬ್ಯೂಟರ್ ಬದಲಾಯಿಸುವ ಮಾತು ಬರುವುದು ಮುಖ್ಯವಾಗಿ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಾಗ. ರೋಟರ್ ತೆಗೆದು ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಲೊಟಲೊಟ ಅಂದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಮಾತಿಗೆ ಬೆಲೆ ಇದೆ.

ಸರಿ, ಪರೀಕ್ಷೆಗೆ ಬರೋಣ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಕ್ಯಾಪ್ ಬಿಚ್ಚಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ರೋಟರ್ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. 800ರಲ್ಲಿ ಎಂಜಿನ್ ತಿರುವನ್ನು ಅಲ್ಲಿಗೆ ತಲುಪಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು.

ತಿರುಗಿತೇ? ಕಾಯಿಲ್‌ನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ತುದಿಗೆ ಒಂದು ಪ್ಲಗ್ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈ ಎಂಜಿನ್ ಬ್ಲಾಕಿಗೆ ತಾಗಿರಲಿ, ನಿಮ್ಮ ಕೈ ದೂರವಿರಲಿ, ಹತ್ತಿರ ಪೆಟ್ರೋಲ್ ಸೋರುತ್ತಿರಬಾರದು. ಸೆಲ್ಫ್ ಹೊಡೆದಾಗ ಚಟಚಟ ಅಂತ ನೀಲಿ ಸ್ಪಾರ್ಕ್ ಬಂದರೆ ಕಾಯಿಲ್, ಪಾಯಿಂಟ್ ಸರಿ ಇವೆ. ತಪ್ಪು ಕ್ಯಾಪ್, ರೋಟರ್ ಅಥವಾ ಪ್ಲಗ್ ವೈರಿನದು. ಬರದಿದ್ದರೆ ಕ್ಯಾಪ್, ರೋಟರ್ ತಂಟೆಗೆ ಈಗ ಹೋಗಬೇಡಿ. ಕಾಯಿಲ್‌ಗೆ 12 ವೋಲ್ಟ್ ಬರುತ್ತಿದೆಯೇ, ಪಾಯಿಂಟ್ ಕರಕಾಗಿದೆಯೇ, ಅದರ ಗ್ಯಾಪ್ 0.4ರಿಂದ 0.5 ಮಿ.ಮೀ. ಒಳಗಿದೆಯೇ ನೋಡಿ. ಹೊಸ ಪಾಯಿಂಟ್ ಬೇಗ ಸುಟ್ಟಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಕ್ಯಾಪಿನ ಒಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡರೆ ಕರೆಂಟ್ ಅಲ್ಲೇ ಸೋರುತ್ತಿದೆ. ಕ್ಯಾಪ್ ಬದಲಾಯಿಸಿ. ನಡುವಿನ ಪುಟ್ಟ ಕಾರ್ಬನ್ ಬ್ರಷ್ ಸ್ಪ್ರಿಂಗ್ ಮೇಲೆ ಕುಣಿಯಬೇಕು. ಬರೀ ತೇವ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಹಾಗೆಯೇ, ರೋಟರ್ ತುದಿ ಟರ್ಮಿನಲ್‌ಗಳಿಗೆ ತಾಗಲೇಬಾರದು. ಸ್ಪಾರ್ಕ್ ಆ ಸಣ್ಣ ಸಂದನ್ನು ಹಾರಿಯೇ ಹೋಗುವುದು. ‘ತಾಗ್ತಿಲ್ಲ’ ಅಂತ ಸುಮ್ನೆ ಸುತ್ತಿಗೆಯಲ್ಲಿ ತಟ್ಟಿ ಉದ್ದ ಮಾಡುವವರಿದ್ದಾರೆ!

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಡಿಸ್ಟ್ರಿಬ್ಯೂಟರನ್ನೇ ಬಿಚ್ಚುವುದಾದರೆ ರೋಟರ್ ಯಾವ ಕಡೆ ನೋಡುತ್ತಿತ್ತು ಅಂತ ಮೊದಲೇ ಗುರುತು ಹಾಕಿ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಎರಡು ಸುತ್ತು ಹಾಕಿದರೆ ಇದು ಸುತ್ತುವುದು ಒಂದೇ. ಹಾಗಾಗಿ ಟೈಮಿಂಗ್ ಗುರುತು ಎರಡು ಸಲ ಕೂಡುತ್ತದೆ, ಅದರಲ್ಲಿ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ, ಅಂದರೆ ಸ್ಪಾರ್ಕ್ ಬೇಕಾದ ಹೊತ್ತಿನಲ್ಲಿ, ಇರುವುದು ಒಂದೇ ಸಲ. ತಪ್ಪು ಸುತ್ತಿನಲ್ಲಿ ಕೂರಿಸಿದರೆ ಕಾರ್ಬುರೇಟರ್ ಢಬ್ ಅನ್ನುತ್ತದೆ, ಗಾಡಿ ಏಳುವುದಿಲ್ಲ. ಆಗ ಹೊಸ ಡಿಸ್ಟ್ರಿಬ್ಯೂಟರೂ ಕೆಟ್ಟದ್ದು ಅಂತ ವಾಪಸ್ ಕೊಡಲು ಅಂಗಡಿಗೆ ಓಡುತ್ತಾರೆ. ಪ್ಲಗ್ ವೈರ್‌ಗಳ ಕ್ರಮವೂ ಅಷ್ಟೇ ಮುಖ್ಯ: 800ಕ್ಕೆ 1-3-2, ಪದ್ಮಿನಿಗೆ 1-3-4-2. ಕೀಳುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ.