ಕ್ಯಾಂಪಸ್ ಹಬ್ಬಕ್ಕೆ ದುಡ್ಡು ಯಾರ ಜೇಬಿನಿಂದ? ಅಮೆರಿಕದ ವಿದ್ಯಾರ್ಥಿ ಶುಲ್ಕದ ಕೇಸುಗಳು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ದೀಪಾವಳಿ, ಚೀನೀ ಹೊಸ ವರ್ಷ, ಕಪ್ಪು ವಿದ್ಯಾರ್ಥಿಗಳ ಸಂಘದ ಉಪನ್ಯಾಸ, ಹೀಗೆ ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಇದಕ್ಕೆ ದುಡ್ಡು ಹೆಚ್ಚಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ವಿಶ್ವವಿದ್ಯಾಲಯದ ಯಾವುದೋ ಕಚೇರಿಯ ಬಜೆಟ್. ಇನ್ನೊಂದು, ಎಲ್ಲ ವಿದ್ಯಾರ್ಥಿಗಳೂ ಫೀಸಿನ ಜೊತೆ ಕಟ್ಟಲೇಬೇಕಾದ ಚಟುವಟಿಕೆ ಶುಲ್ಕ. ಅದನ್ನು ಹಂಚುವುದು ಸಾಮಾನ್ಯವಾಗಿ ವಿದ್ಯಾರ್ಥಿಗಳದ್ದೇ ಒಂದು ಕಮಿಟಿ. ಎರಡಕ್ಕೂ ಕಾನೂನು ಬೇರೆ ಬೇರೆ. ಈ ವಿಷಯ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ದುಡ್ಡು ಯಾವ ಜೇಬಿನದು?

ಶುಲ್ಕದ ಕಥೆ 1995ರ ರೋಸೆನ್‌ಬರ್ಗರ್ ಕೇಸಿನಿಂದ ಶುರು ಮಾಡೋಣ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳು ಸೆಮಿಸ್ಟರಿಗೆ ತಲಾ 14 ಡಾಲರ್ ಕಟ್ಟುತ್ತಿದ್ದರು. ‘ವೈಡ್ ಅವೇಕ್’ ಎಂಬ ಕ್ರೈಸ್ತ ವಿದ್ಯಾರ್ಥಿ ಪತ್ರಿಕೆ ಮುದ್ರಣದ ಖರ್ಚಿಗೆ 5,862 ಡಾಲರ್ ಕೇಳಿತು. ಇದು ಧಾರ್ಮಿಕ ಚಟುವಟಿಕೆ, ಕೊಡಲ್ಲ ಅಂತ ವಿಶ್ವವಿದ್ಯಾಲಯದವರು ಅಂದರು. ಸುಪ್ರೀಂ ಕೋರ್ಟ್ 5–4ರಲ್ಲಿ ಪತ್ರಿಕೆಯ ಪರ ನಿಂತಿತು. ಬೇರೆ ಪತ್ರಿಕೆಗಳ ಮುದ್ರಣಕ್ಕೆ ಕೊಡುತ್ತೀರಿ, ಇವರಿಗೆ ಇವರ ನಿಲುವಿನ ಕಾರಣಕ್ಕೇ ಕೊಡುತ್ತಿಲ್ಲ, ಅದು ವಾಕ್ ಸ್ವಾತಂತ್ರ್ಯ ಕಾಪಾಡುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂದಿತು. ಊಟಕ್ಕೆ ಕೂರಿಸಿದ ಮೇಲೆ ಪಂಕ್ತಿಭೇದ ಮಾಡುವ ಹಾಗಿಲ್ಲ, ಅಷ್ಟೆ.

ಮುಂದಿನದು 2000ದ ಸೌತ್‌ವರ್ತ್ ಕೇಸು. ಇಲ್ಲಿ ದೂರು ಉಲ್ಟಾ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ 1995–96ರಲ್ಲಿ ಶುಲ್ಕ ವರ್ಷಕ್ಕೆ 331.50 ಡಾಲರ್ ಇತ್ತು. ಅದರಲ್ಲಿ ಹೆಚ್ಚಿನ ಪಾಲು ಆರೋಗ್ಯ ಕೇಂದ್ರ, ಆಟೋಟದಂಥ ಸೌಲಭ್ಯಗಳಿಗೆ ಹೋಗುತ್ತಿತ್ತು. ಸುಮಾರು ಶೇ. 20ರಷ್ಟು ಮಾತ್ರ ವಿದ್ಯಾರ್ಥಿಗಳ ಕೈಯಲ್ಲಿದ್ದ ಹಂಚಿಕೆ. ನಾವು ಒಪ್ಪದ ಸಂಘಗಳಿಗೆ ನಮ್ಮ ದುಡ್ಡು ಯಾಕೆ ಅಂತ ಕೆಲವು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ಒಂಬತ್ತಕ್ಕೆ ಒಂಬತ್ತೂ ಮಂದಿ ನ್ಯಾಯಮೂರ್ತಿಗಳು ಅವರ ವಿರುದ್ಧ ತೀರ್ಪು ಕೊಟ್ಟರು. ನಾನಾ ಬಗೆಯ ಮಾತು ಕ್ಯಾಂಪಸ್ಸಿನಲ್ಲಿ ಕೇಳಿಸಲಿ ಅಂತ ಶುಲ್ಕ ಹಾಕಬಹುದು. ಷರತ್ತು ಒಂದೇ: ಹಂಚುವಾಗ ಯಾರ ನಿಲುವನ್ನೂ ನೋಡಬಾರದು.

ಪರೀಕ್ಷೆಗೆ ಇಷ್ಟು ಬರೆದು ಮುಗಿಸುವವರೇ ಜಾಸ್ತಿ. ಆದರೆ ಸಣ್ಣ ಸಮುದಾಯಗಳಿಗೆ ಮುಖ್ಯವಾದದ್ದು ತೀರ್ಪಿನ ಕೊನೆಯ ಭಾಗದಲ್ಲಿದೆ. ಮ್ಯಾಡಿಸನ್ನಿನಲ್ಲಿ ಇನ್ನೊಂದು ದಾರಿಯೂ ಇತ್ತು. ಇಡೀ ಕ್ಯಾಂಪಸ್ ಮತ ಹಾಕಿ ಒಂದು ಸಂಘಕ್ಕೆ ದುಡ್ಡು ಕೊಡಿಸಬಹುದಿತ್ತು, ಇಲ್ಲವೇ ತಪ್ಪಿಸಬಹುದಿತ್ತು. ನೋಡಲು ಪ್ರಜಾಪ್ರಭುತ್ವವೇ, ಅಲ್ವಾ? ಕೋರ್ಟ್ ಒಪ್ಪಲಿಲ್ಲ. ಬಹುಮತದ ಒಪ್ಪಿಗೆ ಇದ್ದರೆ ಸಾಕು ಅನ್ನುವುದಾದರೆ, ನಿಲುವು ನೋಡಬಾರದು ಎಂಬ ರಕ್ಷಣೆಗೆ ಅರ್ಥವೇ ಇರುವುದಿಲ್ಲ ಎಂದು ಆ ಭಾಗವನ್ನು ಮತ್ತೆ ವಿಚಾರಣೆಗೆ ಕಳಿಸಿತು. ಹತ್ತಿಪ್ಪತ್ತು ಜನರ ಗುಂಪೊಂದು ಸಾವಿರಾರು ಜನರ ಮತ ಎಲ್ಲಿಂದ ತರಬೇಕು? ವೈವಿಧ್ಯಕ್ಕೆ ಮೀಸಲಿಟ್ಟ ದುಡ್ಡನ್ನು ಮತಕ್ಕೆ ಹಾಕಿದರೆ ಅದು ಆಗಲೇ ದೊಡ್ಡದಾಗಿರುವ ಸಂಘಗಳ ಪಾಲಾಗುವ ಸಾಧ್ಯತೆಯೇ ಹೆಚ್ಚು.

ಇದೇ ಕೇಸು 2002ರಲ್ಲಿ ಸೆವೆಂತ್ ಸರ್ಕ್ಯೂಟ್ ಎಂಬ, ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಮೇಲ್ಮನವಿ ಕೋರ್ಟಿನಲ್ಲಿ ಇನ್ನೊಂದು ತಿರುವು ಪಡೆಯಿತು. ಹಂಚಿಕೆಯ ಬಹುತೇಕ ನಿಯಮಗಳನ್ನು ಕೋರ್ಟ್ ಎತ್ತಿಹಿಡಿಯಿತು, ಎರಡನ್ನು ಮಾತ್ರ ಬಿಟ್ಟು. ಸಂಘ ಎಷ್ಟು ವರ್ಷ ಹಳೆಯದು, ಹಿಂದೆ ಎಷ್ಟು ದುಡ್ಡು ಪಡೆದಿತ್ತು ಎಂದು ನೋಡಿ ಹಂಚುವಂತಿಲ್ಲ ಎಂದಿತು. ಹಿಂದೆ ಜನಪ್ರಿಯ ಗುಂಪುಗಳಿಗೆ ಸಿಕ್ಕ ಲಾಭ ಈ ದಾರಿಯಲ್ಲಿ ಹಾಗೇ ಮುಂದುವರಿಯುತ್ತದೆ. ಇದನ್ನು ಓದಿದ ಮೇಲೆ, ‘ಕಳೆದ ವರ್ಷ ಇವರಿಗೆ ಎಷ್ಟು ಕೊಟ್ಟಿದ್ವಿ?’ ಅನ್ನುವ ಸಾಮಾನ್ಯ ಪ್ರಶ್ನೆಯೂ ಅನುಮಾನ ಹುಟ್ಟಿಸುತ್ತದೆ.

ಒಂದು ಅರ್ಜಿ ಕಲ್ಪಿಸಿಕೊಳ್ಳಿ. ಕನ್ನಡ ವಿದ್ಯಾರ್ಥಿಗಳ ಹೊಸ ಗುಂಪು ಯುಗಾದಿಗೆ ದುಡ್ಡು ಕೇಳಿದೆ: ಹಾಲ್ ಬಾಡಿಗೆ, ಮೈಕು, ಒಬ್ಬಟ್ಟಿನ ಊಟ, ಯಕ್ಷಗಾನ ಕಲಾವಿದರ ಓಡಾಟದ ಖರ್ಚು. ‘ಊಟಕ್ಕೆ ತಲೆಗೆ ಇಷ್ಟೇ ಮಿತಿ’ ಅಂತ ಕಮಿಟಿ ಅನ್ನಬಹುದು, ಎಲ್ಲ ಸಂಘಗಳಿಗೂ ಅದೇ ಮಿತಿ ಇದ್ದರೆ. ‘ಎಷ್ಟು ಜನ ಬರ್ತಾರೆ?’ ಅಂತ ಹಾಲ್ ಆರಿಸಲು ಕೇಳಿದರೆ ತಪ್ಪಿಲ್ಲ. ‘ನಿಮ್ಮದೊಂದು ಗುಂಪು ಹೊಸದು, ಇಂಡಿಯನ್ ಸಂಘದ ದೀಪಾವಳಿ ಇದೆಯಲ್ಲ, ಸಾಕು’ ಅಂದರೆ ಕಷ್ಟ. ಒಂದೇ ಬಗೆಯ ಕಾರ್ಯಕ್ರಮಕ್ಕೆ ಎರಡು ಸಲ ದುಡ್ಡಿಲ್ಲ ಎಂಬ ಲಿಖಿತ ನಿಯಮ ಎಲ್ಲರಿಗೂ ಅನ್ವಯವಾಗುತ್ತಿದ್ದರೆ ಅದು ನಿಲ್ಲಬಹುದು ಅನ್ನುವುದು ನನ್ನ ಲೆಕ್ಕ. ಸುಮ್ನೆ ಬಾಯಿಮಾತಿನ ಕಾರಣ ಕೊಟ್ಟರೆ ನಿಲ್ಲುವುದಿಲ್ಲ.

ಈಗ ಇನ್ನೊಂದು ಜೇಬು, ಕಚೇರಿಯ ಬಜೆಟ್. ವಿಶ್ವವಿದ್ಯಾಲಯ ತನ್ನದೇ ಮಾತಾಡುವಾಗ ಲೆಕ್ಕಾಚಾರ ಬೇರೆಯೇ ಆಗುತ್ತದೆ ಎಂದು ಸೌತ್‌ವರ್ತ್ ತೀರ್ಪಿನಲ್ಲೇ ಇದೆ. ತನ್ನ ದುಡ್ಡಿನಲ್ಲಿ ತನಗೆ ಬೇಕಾದ ಮೌಲ್ಯವನ್ನು ಅದು ಪ್ರಚಾರ ಮಾಡಬಹುದು. ಆದರೆ ಸರ್ಕಾರಿ ವಿಶ್ವವಿದ್ಯಾಲಯವಾದರೆ ರಾಜ್ಯದ ಶಾಸನಸಭೆ ಆ ಬಾಯಿಗೆ ಬೀಗವನ್ನೂ ಹಾಕಬಹುದು. ಟೆಕ್ಸಾಸ್‌ನಲ್ಲಿ ಆದದ್ದು ಇದೇ. 2023ರಲ್ಲಿ ಪಾಸಾದ ಸೆನೆಟ್ ಬಿಲ್ 17, 2024ರ ಜನವರಿ 1ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಚೇರಿಗಳನ್ನು ನಿಷೇಧಿಸಿತು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಾನಾ ಸಮುದಾಯಗಳ ವಿದ್ಯಾರ್ಥಿಗಳಿಗೆ ಅಂತ ಇದ್ದ ಮಲ್ಟಿಕಲ್ಚರಲ್ ಎಂಗೇಜ್‌ಮೆಂಟ್ ಸೆಂಟರ್ ಮುಚ್ಚಿತು. ಅದರ ಆಸರೆಯಲ್ಲಿದ್ದ ವಿದ್ಯಾರ್ಥಿ ಗುಂಪುಗಳಿಗೆ ಆ ದುಡ್ಡೂ ನಿಂತಿತು. ಆದರೆ ಅದೇ ಕಾನೂನು, ನೋಂದಾಯಿತ ವಿದ್ಯಾರ್ಥಿ ಸಂಘಗಳ ಚಟುವಟಿಕೆಗೆ ವಿನಾಯಿತಿ ಕೊಟ್ಟಿದೆ. ಫ್ಲೋರಿಡಾದ 2023ರ ಕಾನೂನೂ ಹಾಗೇ: ಲಿಖಿತ ನಿಯಮದ ಪ್ರಕಾರ ಹಂಚಿದರೆ ವಿದ್ಯಾರ್ಥಿ ಶುಲ್ಕ ವಿದ್ಯಾರ್ಥಿಗಳೇ ನಡೆಸುವ ಸಂಘಗಳಿಗೆ ಹೋಗಬಹುದು. ಕಚೇರಿಯ ನೆರಳಿನಲ್ಲಿದ್ದವರು ಕಷ್ಟಕ್ಕೆ ಸಿಕ್ಕರು, ಸ್ವಂತ ನೋಂದಣಿ ಇದ್ದವರಿಗೆ ಒಂದು ದಾರಿ ಉಳಿಯಿತು.

ಒಂದು ಎಚ್ಚರಿಕೆ. ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಂಥ ಖಾಸಗಿ ಸಂಸ್ಥೆಗಳಿಗೆ ಈ ತೀರ್ಪುಗಳನ್ನು ನೇರವಾಗಿ ಹಚ್ಚಬೇಡಿ.

ಅಭ್ಯಾಸಕ್ಕೆ ಒಂದು: ಸರ್ಕಾರಿ ವಿಶ್ವವಿದ್ಯಾಲಯದ ಕಮಿಟಿ ಶುಲ್ಕದ ಒಂದು ಪಾಲನ್ನು ‘ಸಾಂಸ್ಕೃತಿಕ ವೈವಿಧ್ಯದ ಕಾರ್ಯಕ್ರಮಗಳಿಗೆ’ ಎಂದು ತೆಗೆದಿಟ್ಟಿದೆ. ವೈವಿಧ್ಯ ನೀತಿಗಳನ್ನೇ ಟೀಕಿಸುವ ಉಪನ್ಯಾಸಕ್ಕೆ ಒಂದು ಸಂಘ ಅರ್ಜಿ ಹಾಕಿದೆ. ಕೊಡಬೇಕೇ? ರೋಸೆನ್‌ಬರ್ಗರ್ ತೀರ್ಪಿನಲ್ಲಿ ಸುಳಿವಿದೆ. ಒಂದು ವಿಷಯಕ್ಕೆ ಅಂತ ದುಡ್ಡನ್ನು ಮೀಸಲಿಡಬಹುದು, ಆ ವಿಷಯದ ಮೇಲೆ ಯಾವ ಪಕ್ಷ ಹಿಡಿಯಬೇಕು ಅಂತ ಹೇಳುವಂತಿಲ್ಲ. ಹಾಗಾದರೆ ಈ ಉಪನ್ಯಾಸ ‘ವೈವಿಧ್ಯ’ ಎಂಬ ವಿಷಯದ ಒಳಗೆ ಬರುತ್ತದೋ, ಹೊರಗೋ? ಉತ್ತರವನ್ನು ಅಲ್ಲಿಂದ ಶುರು ಮಾಡಿ.