ಭಾರ ಎಲ್ಲಿ ಬೀಳುತ್ತಿದೆ? ಮೊದಲ ರೋಡ್ ಬೈಕ್ ಮತ್ತು ನಮ್ಮ ಮೈ

ಸಾದಾ ಸೈಕಲ್ ಹೊಡೆದು ಬೆಳೆದವರು ಮೊದಲ ಸಲ ರೋಡ್ ಬೈಕ್, ಅಂದರೆ ಹ್ಯಾಂಡಲ್ ಕೆಳಕ್ಕೆ ಬಾಗಿದ ಹಗುರ ರೇಸ್ ಸೈಕಲ್, ಹತ್ತಿದಾಗ ಮೈ ಕೂಡಲೇ ತಕರಾರು ತೆಗೆಯುತ್ತದೆ. ಸೀಟು ಕಿರಿದು, ಮೇಲಾಗಿ ಗಟ್ಟಿ. ಹ್ಯಾಂಡಲ್ ತೀರಾ ಕೆಳಗೆ, ತೀರಾ ದೂರದಲ್ಲಿದೆ ಅನ್ನಿಸುತ್ತದೆ. ಒಂದು ತಾಸು ಓಡಿಸುವಷ್ಟರಲ್ಲಿ ಕತ್ತು ಹಿಡಿದುಕೊಂಡು, ಕಿರುಬೆರಳು ಜೋಮುಗಟ್ಟಿ, ಕೂತ ಜಾಗ ಉರಿಯತೊಡಗುತ್ತದೆ. ಇದು ನಮ್ಮಂಥವರಿಗಲ್ಲ ಎಂದು ಮಾರಿಬಿಡುವವರಿದ್ದಾರೆ. ದಪ್ಪನೆಯ ಜೆಲ್ ಕವರ್ ತಂದು ಸೀಟಿಗೆ ತೊಡಿಸುವವರು ಇನ್ನೂ ಹೆಚ್ಚು. ಎರಡೂ ಅವಸರದ ತೀರ್ಮಾನ. ಈ ನೋವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಮೈಭಾರ ಬೀಳಬಾರದ ಕಡೆ ಬೀಳುತ್ತಿದೆ.

ಹಾಲಿನ ಕ್ಯಾನು ಹೊರುವ, ಇಪ್ಪತ್ತು ಕಿಲೋ ಆಸುಪಾಸು ತೂಗುವ ನಮ್ಮ ಸಾದಾ ಸೈಕಲ್ಲಿನಲ್ಲಿ ಸವಾರ ನೆಟ್ಟಗೆ ಕೂರುತ್ತಾನೆ. ಭಾರದ ಬಹುಪಾಲು ಸೀಟಿನ ಮೇಲೆಯೇ. ಅದಕ್ಕೇ ಅದು ಅಗಲ, ಅಡಿಯಲ್ಲಿ ಸ್ಪ್ರಿಂಗು. ಎಂಟು–ಹತ್ತು ಕಿಲೋದ ರೋಡ್ ಬೈಕ್ ಸವಾರನನ್ನು ಮುಂದಕ್ಕೆ ಬಾಗಿಸುತ್ತದೆ. ಬಾಗಿಸುವುದು ಗಾಳಿಯ ಸಲುವಾಗಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಸೀಳಲು ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಕಾಲಿನ ದುಡಿಮೆಯ ದೊಡ್ಡ ಪಾಲು ಗಾಳಿಗೇ ಹೋಗುತ್ತದೆ, ಮತ್ತು ಆ ಗಾಳಿಗೆ ಅಡ್ಡ ನಿಂತಿರುವುದು ಸೈಕಲ್ಲಿಗಿಂತ ಹೆಚ್ಚಾಗಿ ನಮ್ಮ ಎದೆ, ತೋಳು, ತಲೆ. ವಿಜಯಪುರ, ಬಾಗಲಕೋಟೆ ಕಡೆಯ ಬಯಲಿನಲ್ಲಿ ರೇಸಿಗೆ ತಾಲೀಮು ಮಾಡುವ ಹುಡುಗ ಹುಡುಗಿಯರು ಎದುರುಗಾಳಿಗೆ ಬೆನ್ನು ತಗ್ಗಿಸುವುದು ಈ ಲೆಕ್ಕಕ್ಕೇ.

ಬಾಗಿದಾಗ ಭಾರ ಮೂರು ಕಡೆ ಹಂಚಿಹೋಗಬೇಕು: ಸೀಟು, ಪೆಡಲ್, ಹ್ಯಾಂಡಲ್. ಇಲ್ಲೊಂದು ಸೊಗಸಾದ ಸಂಗತಿಯಿದೆ. ಪೆಡಲನ್ನು ನೀವು ಕೆಳಕ್ಕೆ ಒತ್ತಿದಷ್ಟೂ ಪೆಡಲ್ ನಿಮ್ಮನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೇ ನಿಯಮ. ಅಂದರೆ ಜೋರಾಗಿ ತುಳಿಯುವವರ ಸೀಟಿನ ಮೇಲೂ ಅಂಗೈ ಮೇಲೂ ಭಾರ ಕಡಿಮೆ. ಹೊಸಬರು ಮೆಲ್ಲಗೆ ತುಳಿಯುತ್ತಾರೆ, ಆಗ ಇಡೀ ಮೈ ಸೀಟಿನ ಮೇಲೆ ಕುಸಿದು ಕೂರುತ್ತದೆ. ಎರಡು ತಿಂಗಳ ಬಳಿಕ ಅದೇ ಸೀಟು ಹಿತವೆನಿಸಿದರೆ ಅದರಲ್ಲಿ ಚರ್ಮ ಪಳಗಿದ್ದರ ಪಾಲು ಸ್ವಲ್ಪ, ಕಾಲು ಗಟ್ಟಿಯಾದದ್ದರ ಪಾಲು ಬಹಳ.

ಜೆಲ್ ಕವರ್ ಕೈಕೊಡುವುದು ಯಾಕೆ? ಕೂತಾಗ ನಮ್ಮನ್ನು ಹೊರಬೇಕಾದದ್ದು ಸೊಂಟದ ಬುಡದಲ್ಲಿರುವ ಎರಡು ಮೂಳೆಯ ಗಂಟುಗಳು. ಗಟ್ಟಿ ಮರದ ಮಣೆಯ ಮೇಲೆ ಕೂತು ಅತ್ತಿತ್ತ ಅಲುಗಾಡಿದರೆ ಅವು ಒತ್ತುವುದು ಗೊತ್ತಾಗುತ್ತದೆ. ಸೀಟಿನ ಹಿಂಭಾಗದ ಅಗಲ ಈ ಗಂಟುಗಳ ನಡುವಿನ ಅಂತರಕ್ಕೆ ಹೊಂದಬೇಕು. ಹೆಂಗಸರಲ್ಲಿ ಸಾಮಾನ್ಯವಾಗಿ ಆ ಅಂತರ ತುಸು ಹೆಚ್ಚು. ಮೆತ್ತನೆಯ ಸೀಟಿನಲ್ಲಿ ಮೂಳೆಗಳು ಹುದುಗಿ ಇಳಿಯುತ್ತವೆ, ನಡುವಿನ ಮೆತ್ತೆ ಮೇಲೆದ್ದು ತೊಡೆಸಂದಿಯ ನರ ಮತ್ತು ರಕ್ತನಾಳಗಳನ್ನು ಅದುಮುತ್ತದೆ. ಜೋಮು ಬರುವುದು ಅಲ್ಲಿಂದ. ಅಗಲ ಸರಿಯಿರುವ, ನಡುವೆ ಸೀಳು ಬಿಟ್ಟಿರುವ ಗಟ್ಟಿ ಸೀಟು ದೂರದ ಸವಾರಿಗೆ ಹೆಚ್ಚು ಹಿತ. ಮೆತ್ತೆ ಬೇಕಿದ್ದರೆ ಅದು ಚಡ್ಡಿಯಲ್ಲಿರಲಿ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬೇಡಿ. ಅದರ ಹೊಲಿಗೆಯೇ ಬೆವರಿನ ಜೊತೆ ಸೇರಿ ಚರ್ಮವನ್ನು ತರಚುತ್ತದೆ.

ಎತ್ತರದ ವಿಷಯದಲ್ಲಿ ಹೊಸಬರ ಭಯ ಸಹಜ. ಸೀಟಿನಲ್ಲಿ ಕೂತೇ ಎರಡೂ ಕಾಲು ನೆಲ ಮುಟ್ಟಬೇಕೆಂದು ಅದನ್ನು ಇಳಿಸಿಬಿಡುತ್ತಾರೆ. ಹಾಗೆ ಇಳಿಸಿದರೆ ಪ್ರತಿ ತುಳಿತದಲ್ಲೂ ಮಂಡಿ ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರುವುದನ್ನು ಮೊದಲು ಕಲಿಯಬೇಕು, ಆಮೇಲೆ ಸೀಟು ಏರಿಸಬೇಕು. ಎಷ್ಟು ಏರಿಸಬೇಕೆಂಬುದಕ್ಕೆ, 1986ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕ ಪ್ರಚಾರದಲ್ಲಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿಹಿಡಿದು ಅದರ ಮೇಲಂಚಿನಿಂದ ನೆಲದವರೆಗೆ ಅಳೆಸಿ, ಬಂದದ್ದನ್ನು 0.883ರಿಂದ ಗುಣಿಸಿ. ಅಳತೆ 80 ಸೆಂ.ಮೀ. ಆದರೆ ಉತ್ತರ 70.6. ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ತಿರುಗುವ ಅಚ್ಚಿನ ನಡುಮಧ್ಯದಿಂದ ಸೀಟಿನ ಮೇಲ್ಮೈವರೆಗೆ ಅಷ್ಟಿರಲಿ. ಇದು ಶುರು ಮಾಡುವ ಜಾಗವಷ್ಟೇ. ಪೆಡಲ್ ತಳದಲ್ಲಿದ್ದಾಗ ಮಂಡಿ ಪೂರ್ತಿ ನೆಟ್ಟಗಾಗದೆ 25ರಿಂದ 35 ಡಿಗ್ರಿ ಬಾಗಿರಬೇಕು. ಹಿಂದಿನಿಂದ ನೋಡಿದವರಿಗೆ ಸೊಂಟ ಎಡಬಲ ಹೊಯ್ದಾಡುವುದು ಕಂಡರೆ ಏರಿಸಿದ್ದು ಜಾಸ್ತಿಯಾಯಿತೆಂದು ಅರ್ಥ.

ಕಿರುಬೆರಳು ಮತ್ತು ಉಂಗುರಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರಬದಿಯ ಬುಡದಲ್ಲಿ ಕಿರಿದಾದ ಸಂದಿಯೊಂದನ್ನು ಹಾದುಹೋಗುತ್ತದೆ. ಮಣಿಕಟ್ಟು ಮಡಚಿ ಅಲ್ಲೇ ಊರಿ ಕೂತರೆ ನರ ಅದುಮಿ ಬೆರಳು ಜೋಮುಗಟ್ಟುತ್ತದೆ. ಕೈಗವಸಿಗಿಂತ ಮೊದಲು ನೋಡಬೇಕಾದದ್ದು ಸೀಟನ್ನು. ಅದರ ಮೂತಿ ಕೆಳಕ್ಕೆ ವಾಲಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಕೈಗಳ ಪಾಲಿಗೆ ಬರುತ್ತದೆ. ಸೀಟನ್ನು ಮಟ್ಟಸ ಮಾಡಿ, ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೂ ಭಾರ ಪಾದಗಳ ಕಡೆ ವಾಲುತ್ತದೆ. ಹ್ಯಾಂಡಲ್ ದೂರ ಎಂದು ಸೀಟನ್ನು ಮುಂದಕ್ಕೆ ಎಳೆಯುವುದು ಉಲ್ಟಾ ಕೆಲಸ. ಅದಕ್ಕೆ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಹಾಕಿಸಬೇಕು. ಮೊಣಕೈ ಸದಾ ಸ್ವಲ್ಪ ಮಡಚಿರಲಿ. ಆಗ ರಸ್ತೆಯ ಏಟು ಭುಜ, ಕತ್ತಿನವರೆಗೆ ನೇರ ಏರುವುದಿಲ್ಲ.

ಆ ಏಟನ್ನೇ ತಗ್ಗಿಸುವುದು ಟೈರಿನ ಗಾಳಿ. ಇಪ್ಪತ್ತು ವರ್ಷದ ಹಿಂದೆ 23 ಮಿ.ಮೀ. ಟೈರಿಗೆ, ಗಾಳಿಯ ಒತ್ತಡದ ಲೆಕ್ಕದಲ್ಲಿ, ನೂರಕ್ಕೂ ಹೆಚ್ಚು ಪಿಎಸ್‌ಐ ತುಂಬುವುದೇ ವಾಡಿಕೆ. ಟೈರು ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆ ಪ್ರಯೋಗಾಲಯದಲ್ಲಿ ತಿರುಗುವ ನುಣುಪಾದ ಡ್ರಮ್ಮಿನ ಮೇಲಿನ ಪರೀಕ್ಷೆಗೆ ಸರಿ. ಜಲ್ಲಿ ಎದ್ದ ಡಾಂಬರಿನ ಮೇಲೆ ಗಟ್ಟಿ ಟೈರು ಇಡೀ ಸೈಕಲ್ಲನ್ನೂ ಸವಾರನನ್ನೂ ಕುಣಿಸುತ್ತದೆ, ಆ ನಡುಕದಲ್ಲಿ ಶಕ್ತಿ ನಮ್ಮ ಸ್ನಾಯುಗಳಲ್ಲೇ ಶಾಖವಾಗಿ ಸೋರುತ್ತದೆ. ಈಗ 28 ಮಿ.ಮೀ. ಟೈರು ಸಾಮಾನ್ಯ. 70 ಕಿಲೋ ತೂಗುವವರಿಗೆ ಅದರಲ್ಲಿ 70 ಪಿಎಸ್‌ಐ ಆಸುಪಾಸು ಸಾಕು. ತೀರಾ ಇಳಿಸಿದರೂ ಕಷ್ಟ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಚರ್ ಆಗುತ್ತದೆ. ನಮ್ಮ ರಸ್ತೆಗಳಿಗೆ ಹೊಸ ಚಕ್ರಕ್ಕಿಂತ ಗಾಳಿಯ ಅಳತೆ ತೋರಿಸುವ ಪಂಪೇ ಮೊದಲ ಖರ್ಚಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೇರಿನ ಬಗ್ಗೆ ಒಂದೇ ಮಾತು: ಮಂಡಿ ಉಳಿಸಿಕೊಳ್ಳಲು ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಅದೇ ವೇಗಕ್ಕೆ ನಿಮಿಷಕ್ಕೆ 60ರ ಬದಲು 90 ಸುತ್ತು ತುಳಿದರೆ ಪ್ರತಿ ಸುತ್ತಿನ ಬಲ ಮೂರನೇ ಒಂದು ಭಾಗ ಇಳಿಯುತ್ತದೆ.

ಇಳಿಜಾರಿನಲ್ಲಿ, ನಂದಿ ಬೆಟ್ಟ ಇಳಿಯುವಾಗಿನಂತೆ, ಹ್ಯಾಂಡಲ್ಲಿನ ಮೇಲ್ಭಾಗದಿಂದ ಬ್ರೇಕ್ ಹಿಡಿದವರ ಬೆರಳು ಅರ್ಧ ದಾರಿಗೇ ಸೋಲುತ್ತದೆ. ಬೆರಳು ಲಿವರಿನ ತಿರುಗಣೆಗೆ ಹತ್ತಿರವಿದ್ದಷ್ಟೂ ಹೆಚ್ಚು ಬಲ ಬೇಕು. ಹ್ಯಾಂಡಲ್ಲಿನ ಕೆಳಗಿನ ಬಾಗಿದ ಭಾಗಕ್ಕೆ ಕೈ ಇಳಿಸಿದರೆ ಲಿವರಿನ ತುದಿ ಸಿಗುತ್ತದೆ, ಎರಡು ಬೆರಳೇ ಸಾಕಾಗುತ್ತದೆ. ಕೆಳಗೆ ಹಿಡಿಯಲು ಹೆದರುವ ಹೊಸಬರು ಖಾಲಿ ಸಮತಟ್ಟು ರಸ್ತೆಯಲ್ಲಿ ಮೊದಲು ರೂಢಿ ಮಾಡಿಕೊಳ್ಳಲಿ.

ಮೊದಲ ಕೆಲವು ವಾರ ತೊಡೆ, ಬೆನ್ನು, ಕತ್ತು ನೋಯುವುದು ಸ್ನಾಯುಗಳು ಹೊಸ ಕೆಲಸಕ್ಕೆ ಒಗ್ಗುವ ನೋವು, ಅದು ಇಳಿಯುತ್ತದೆ. ಜೋಮು ಮತ್ತು ಮಂಡಿನೋವನ್ನು ಮಾತ್ರ ಸಹಿಸಿಕೊಂಡು ಓಡಿಸಬಾರದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಥವಾ ಗೇರು ಭಾರವಾಗಿದೆ. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿದೆ. ಸರಿಪಡಿಸಿದರೂ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಅಲೆನ್ ಕೀ ಕೈಗೆತ್ತಿಕೊಳ್ಳುವ ಮುನ್ನ ಸೀಟಿನ ಕಂಬಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಹಳೆಯ ಎತ್ತರ ಗುರುತು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಮೂರು–ನಾಲ್ಕು ಮಿಲಿಮೀಟರ್, ಆಮೇಲೆ ಎರಡು ಮೂರು ಸವಾರಿ ನೋಡಿ.