ಮೂರನೇ ಸೀಲ್ ಕಿಟ್ ಕೊಳ್ಳುವ ಮುಂಚೆ

ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಕಾಲ ಬಂತು ಅಂದ್ರೆ ಪೀಣ್ಯದ ನಮ್ಮ ಶೆಡ್ಡಿಗೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬರೋಕೆ ಶುರು. ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ ಲಾರಿಯ ಹಳೇ ಟರ್ಬೊ ತಂದಿರುತ್ತಾರೆ. ಟರ್ಬೊ ಅಂದ್ರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ: ಬಿಸಿ ಗ್ಯಾಸಿಗೆ ತಿರುಗೋದು ಟರ್ಬೈನ್, ಗಾಳಿ ಒತ್ತೋದು ಕಂಪ್ರೆಸರ್, ನಡುವೆ ಎಣ್ಣೆ ಹರಿಯುವ ಬೇರಿಂಗ್. ಅದಕ್ಕೆ ಉರಿಯುವ ಡಬ್ಬ ಒಂದನ್ನು ವೆಲ್ಡ್ ಮಾಡಿಸಿ, ಗ್ಯಾಸ್ ಕೊಟ್ಟು, ಬ್ಲೋವರ್‌ನಿಂದ ಗಾಳಿ ಹೊಡೆದು ಸ್ಟಾರ್ಟ್ ಮಾಡಿ 'ಜೆಟ್ ಎಂಜಿನ್' ಅಂತಾರೆ. ತಪ್ಪೇನಿಲ್ಲ, ಅದು ನಿಜಕ್ಕೂ ಗ್ಯಾಸ್ ಟರ್ಬೈನೇ. ನಮ್ಮ ಯುದ್ಧವಿಮಾನಕ್ಕೆಂದು ಮಾಡಿದ ಕಾವೇರಿ ಜೆಟ್ ಎಂಜಿನ್ ಹುಟ್ಟಿದ ಊರಲ್ಲಿ ಹುಡುಗರಿಗೆ ಈ ಹುಚ್ಚು ಹಿಡಿಯದೆ ಇನ್ನೆಲ್ಲಿ ಹಿಡಿಯಬೇಕು?

ಆದ್ರೆ ಬಂದವರೆಲ್ಲ ಒಂದೇ ಮಾತು ಹೇಳ್ತಾರೆ. 'ಅಂಕಲ್, ಸೀಲ್ ಹೋಗಿದೆ.' ಎಕ್ಸಾಸ್ಟಿನಲ್ಲಿ ದಟ್ಟ ಹೊಗೆ, ಕಂಪ್ರೆಸರ್ ಕಡೆ ಎಣ್ಣೆ, ಅದಕ್ಕೆ ಸೀಲ್ ಕಿಟ್ ಬದಲಾಯಿಸಿದ್ವಿ, ಮತ್ತೆ ಹೋಯ್ತು, ಇನ್ನೊಂದು ಕಿಟ್ ಎಲ್ಲಿ ಸಿಗುತ್ತೆ ಹೇಳಿ ಅಂತ. ಬಿಚ್ಚಿ ನೋಡಿದ್ರೆ ಹೆಚ್ಚಿನವರ ಸೀಲ್ ಚೆನ್ನಾಗೇ ಇರುತ್ತೆ.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ಟರ್ಬೊದಲ್ಲಿ ನೀವು ಅಂದುಕೊಂಡಿರುವ ಥರದ ಸೀಲೇ ಇಲ್ಲ. ಗೇರ್‌ಬಾಕ್ಸಿನಲ್ಲಿ ಇರುತ್ತಲ್ಲ, ಶಾಫ್ಟನ್ನು ಅಪ್ಪಿಕೊಂಡ ರಬ್ಬರ್ ತುಟಿ, ಅದು ಇಲ್ಲಿ ಇಲ್ಲ. ಒಂದು ಪಕ್ಕ ಕೆಂಡದಂಥ ಗ್ಯಾಸ್, ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು, ಯಾವ ರಬ್ಬರ್ ತಡೆಯುತ್ತೆ ಹೇಳಿ? ಇರೋದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರ. ಅದರ ಮುಖ್ಯ ಕೆಲಸ ಬಿಸಿ ಗ್ಯಾಸನ್ನು ಬೇರಿಂಗ್ ಕಡೆಗೆ ನುಗ್ಗದ ಹಾಗೆ ತಡೆಯೋದು. ಎಣ್ಣೆ ಹೊರಗೆ ಬಾರದೆ ಇರೋದು ಹೆಚ್ಚಾಗಿ ಬೇರೆ ಕಾರಣಕ್ಕೆ: ಬೇರಿಂಗಿನಿಂದ ಹೊರಬಿದ್ದ ಎಣ್ಣೆ ಅಲ್ಲಿ ನಿಲ್ಲದೆ ಕೂಡಲೇ ಕೆಳಗೆ ಇಳಿದುಹೋಗುತ್ತೆ. ಇಳಿಯದೆ ನಿಂತರೆ ಉಂಗುರದ ಮಟ್ಟಕ್ಕೆ ಏರುತ್ತೆ. ಆಮೇಲೆ ಹೊಸ ಸೀಲಾದ್ರೂ ಅಷ್ಟೇ, ಹಳೇದಾದ್ರೂ ಅಷ್ಟೇ. ಮಳೆಗೆ ಅಂಡರ್‌ಪಾಸ್ ತುಂಬಿದ್ರೆ ನಾವು ಬೈಯೋದು ಚರಂಡಿಗೆ ತಾನೇ, ಟಾರಿಗಲ್ಲವಲ್ಲ.

'ಎಣ್ಣೆ ಪಂಪ್ 3 ಬಾರ್ ಪ್ರೆಷರ್‌ನಲ್ಲಿ ತಳ್ಳುತ್ತಲ್ಲ, ಎಣ್ಣೆ ತಾನಾಗೇ ವಾಪಸ್ ಹೋಗಲ್ವಾ?' ಅಂತ ಕೇಳ್ತಾರೆ. ಹೋಗಲ್ಲ ಕಣ್ರಪ್ಪಾ. ಆ ಪ್ರೆಷರ್ ಎಲ್ಲ ಬುಷ್ಷಿನ (ಶಾಫ್ಟ್ ತಿರುಗುವ ಲೋಹದ ಬಳೆ, ಅದೇ ಇಲ್ಲಿ ಬೇರಿಂಗ್) ಸಣ್ಣ ಸಂದಿಯಲ್ಲೇ ಖರ್ಚಾಗಿಹೋಗುತ್ತೆ. ಅಲ್ಲಿಂದ ಆಚೆ ಎಣ್ಣೆಗೆ ತನ್ನ ಭಾರ ಬಿಟ್ಟರೆ ಬೇರೆ ಬಲ ಇಲ್ಲ. ಅದರ ಮೇಲೆ ಶಾಫ್ಟ್ ಕಡೆದುಬಿಟ್ಟಿರುತ್ತೆ, ಎಣ್ಣೆ ನೊರೆಯಾಗಿ ಬರುತ್ತೆ. ನೊರೆಗೆ ಜಾಗ ಜಾಸ್ತಿ ಬೇಕು. ವಿಮಾನದ ಎಂಜಿನ್ನಿನಲ್ಲಿ ಎಣ್ಣೆ ವಾಪಸ್ ಎಳೆಯೋಕೆ ಬೇರೆ ಪಂಪುಗಳೇ ಇರುತ್ತವೆ, ಅವುಗಳ ಸಾಮರ್ಥ್ಯ ಎಣ್ಣೆ ಕೊಡುವ ಪಂಪಿಗಿಂತ ಹೆಚ್ಚು ಇಟ್ಟಿರುತ್ತಾರೆ. ಈ ನೊರೆಯ ಕಾಟಕ್ಕೇ.

ಹಿಂದೊಮ್ಮೆ ನಾಲ್ಕು ಜನ ಬಂದಿದ್ರು, ಮೂವರು ಹುಡುಗರು, ಒಬ್ಬಳು ಹುಡುಗಿ. ಎರಡು ಕಿಟ್ ಮುಗಿಸಿ ಮೂರನೇದಕ್ಕೆ ದುಡ್ಡು ಒಟ್ಟು ಮಾಡ್ತಿದ್ರು. ಕಾರಿನ ಪವರ್ ಸ್ಟೀರಿಂಗ್ ಪಂಪಿಗೆ ಎಸ್‌ಪಿ ರೋಡಿನಿಂದ ತಂದ ಮೋಟಾರ್ ಕೂರಿಸಿದ್ರು, ಫಿಲ್ಟರ್ ಇತ್ತು, ಕೂಲರ್ ಇತ್ತು, ಅದೆಲ್ಲ ಅಚ್ಚುಕಟ್ಟು. ವಾಪಸ್ ಪೈಪ್ ಮಾತ್ರ ಮೀನಿನ ತೊಟ್ಟಿಗೆ ಹಾಕುವ ಕಿರುಬೆರಳು ದಪ್ಪದ ಪಾರದರ್ಶಕ ಟ್ಯೂಬು. ಟ್ಯಾಂಕ್ ಟರ್ಬೊದ ಪಕ್ಕದಲ್ಲೇ ಅದೇ ಮಟ್ಟದಲ್ಲಿ ಕೂತಿತ್ತು, ಹಾಗಾಗಿ ಆ ಟ್ಯೂಬು ಟ್ರಾಲಿಯ ಆಂಗಲ್ ಹತ್ತಿ ಇಳಿದು ಹೋಗಿತ್ತು. ಎಂಜಿನ್ ಓಡಿಸಿ ಅಂದೆ. ಟ್ಯೂಬಿನ ಏರಿನಲ್ಲಿ ಕಾಫಿ ಬಣ್ಣದ ನೊರೆ ಸುಮ್ನೆ ನಿಂತಿತ್ತು, ಒಂದು ಗುಳ್ಳೆಯೂ ಮುಂದೆ ಹೋಗ್ತಿರಲಿಲ್ಲ. ಇತ್ತ ಎಕ್ಸಾಸ್ಟಿನಲ್ಲಿ ಹೊಗೆ, ಪಕ್ಕದ ಶೆಡ್ಡಿನವರು ಬಂದು ಇಣುಕಿ ನೋಡಿದ್ರು.

'ಅಲ್ಲಿ ನೋಡಮ್ಮ' ಅಂತ ಬೆರಳು ತೋರಿಸಿದೆ. ಅವಳು ಅರ್ಧ ನಿಮಿಷ ನೋಡಿ, 'ಅಯ್ಯೋ' ಅಂದಳು. ಉಳಿದ ಮೂವರು ಇನ್ನೂ ಸೀಲ್ ಬಗ್ಗೇನೇ ಮಾತಾಡ್ತಿದ್ರು.

ಟ್ಯಾಂಕನ್ನು ಟ್ರಾಲಿಯ ಕೆಳಗಿನ ಅಂತಸ್ತಿಗೆ ಇಳಿಸಿದ್ವಿ. ಮುಕ್ಕಾಲು ಇಂಚಿನ, ಎಣ್ಣೆ ಮತ್ತು ಬಿಸಿ ತಡೆಯುವ ಹೋಸ್ ಹಾಕಿ, ಎಲ್ಲೂ ಏರದ ಹಾಗೆ ನೇರ ಕೆಳಕ್ಕೆ ಬಿಟ್ವಿ. ಅದರ ತುದಿ ಟ್ಯಾಂಕಿನ ಎಣ್ಣೆ ಮಟ್ಟಕ್ಕಿಂತ ಮೇಲೇ ಇರಬೇಕು, ಮುಳುಗಿಸಬೇಡಿ. ಇನ್ನೊಂದು ಎಡವಟ್ಟೂ ಇತ್ತು. ಲಾರಿಯಲ್ಲಿ ಟರ್ಬೊ ಕೂತಿದ್ದ ರೀತಿಯೇ ಬೇರೆ, ಇವರು ಕೂರಿಸಿದ ರೀತಿಯೇ ಬೇರೆ. ಎಣ್ಣೆ ಇಳಿಯುವ ತೂತು ಓರೆಯಾಗಿ ಪಕ್ಕಕ್ಕೆ ತಿರುಗಿತ್ತು. ಎರಡೂ ಕಡೆಯ ಬೋಲ್ಟ್ ಸಡಿಲಿಸಿದ್ರೆ ನಡುವಿನ ಹೌಸಿಂಗ್ ತಿರುಗುತ್ತೆ, ತಿರುಗಿಸಿ ತೂತನ್ನು ಕೆಳಮುಖ ಮಾಡಿ. ನೆಟ್ಟಗೆ ಕೆಳಗಿದ್ರೆ ಒಳ್ಳೇದು, ಆಗಲೇ ಇಲ್ಲ ಅಂದ್ರೆ 30 ಡಿಗ್ರಿ ಓರೆಯವರೆಗೆ ಒಪ್ಪಬಹುದು. ಕಂಪ್ರೆಸರ್ ರೆಕ್ಕೆ ಕವಚಕ್ಕೆ ತಾಗದ ಹಾಗೆ ಹುಷಾರು.

ಮತ್ತೆ ಸ್ಟಾರ್ಟ್ ಮಾಡಿದ್ರೆ ಅದೇ ಹೊಗೆ. ಹುಡುಗರ ಮುಖ ಬಾಡಿಹೋಯ್ತು, ಒಬ್ಬ ಆಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದ. ತಡಿಯೋ ಮಾರಾಯ ಅಂದೆ. ಎಕ್ಸಾಸ್ಟ್ ಪೈಪಿನೊಳಗೆ ಹಿಂದೆ ಕೂತಿದ್ದ ಎಣ್ಣೆ ಉರಿದು ಮುಗೀಬೇಕಲ್ವಾ? ಹತ್ತು ನಿಮಿಷದಲ್ಲಿ ತಿಳಿಯಾಯ್ತು.

ಟ್ಯಾಂಕ್ ಬಗ್ಗೆ ಒಂದು ಮಾತು. ಮುಚ್ಚಳ ಗಟ್ಟಿಯಾಗಿ ಬಿಗಿದು ಸಿಲಿಕೋನ್ ಗಮ್ ಮೆತ್ತಿ ತರೋರು ಇದ್ದಾರೆ. ಉಂಗುರದ ಸಂದಿಯಿಂದ ಒಂದಿಷ್ಟು ಬಿಸಿ ಗ್ಯಾಸ್ ಯಾವಾಗಲೂ ಒಳಗೆ ನುಸುಳಿ ಎಣ್ಣೆ ಜೊತೆ ಟ್ಯಾಂಕಿಗೆ ಬರುತ್ತೆ. ಅದಕ್ಕೆ ಹೋಗೋಕೆ ದಾರಿ ಇಲ್ಲದಿದ್ರೆ ಟ್ಯಾಂಕಿನಲ್ಲಿ ಒತ್ತಡ ಏರಿ ಎಣ್ಣೆಯನ್ನು ಇಳಿಯೋಕೆ ಬಿಡಲ್ಲ. ದಪ್ಪ ಬ್ರೀದರ್ ಪೈಪ್ ಇಡಿ, ಅದರ ಬಾಯಿ ಬೆಂಕಿಯಿಂದ ದೂರ ಇರಲಿ. ಹಾಂ, ಆ ಸಿಲಿಕೋನನ್ನು ಎಣ್ಣೆ ಒಳಗೆ ಹೋಗುವ ಕಡೆಗಂತೂ ಹಚ್ಚಲೇಬೇಡಿ, ಒಂದು ಚೂರು ಕಿತ್ತುಬಂದು ತೂತಿಗೆ ಕೂತರೆ ಬೇರಿಂಗ್ ಕಥೆ ಮುಗೀತು.

ನಿಂತಿರುವ ಟರ್ಬೊಗೆ ಪೂರ್ತಿ ಎಣ್ಣೆ ಪ್ರೆಷರ್ ಕೊಟ್ಟು ಟೀ ಕುಡಿಯೋಕೆ ಹೋಗಬೇಡಿ. ತಿರುಗುವಾಗ ಚಕ್ರದ ಬೆನ್ನಿಗಿರುವ ಗ್ಯಾಸ್ ಒತ್ತಡ ಎಣ್ಣೆಯನ್ನು ಒಳಗೇ ಹಿಡಿಯೋಕೆ ಸಹಾಯ ಮಾಡುತ್ತೆ, ನಿಂತಾಗ ಅದು ಇರಲ್ಲ. ಗಾಳಿ ಹೊಡೆಯೋಕೆ ಸ್ವಲ್ಪ ಮುಂಚೆ ಪಂಪ್ ಹಾಕಿ, ಕಡಿಮೆಯಿಂದ ಶುರು ಮಾಡಿ. ನಿಲ್ಲಿಸುವಾಗ ಮಾತ್ರ ಉಲ್ಟಾ: ಗ್ಯಾಸ್ ಬಂದ್ ಮಾಡಿದ ಮೇಲೂ ಬ್ಲೋವರ್ ಮತ್ತು ಪಂಪ್ ಓಡ್ತಾ ಇರಲಿ, ಇಲ್ಲಾಂದ್ರೆ ಟರ್ಬೈನಿನ ಕಾವು ಶಾಫ್ಟಿಗೆ ಇಳಿದು ಎಣ್ಣೆ ಬೇರಿಂಗಿನಲ್ಲೇ ಸೀದು ಕರಿ ಕಟ್ಟುತ್ತೆ.

ನಾನು ಟರ್ಬೊ ರಿಪೇರಿಯವನು, ಜೆಟ್ ಎಂಜಿನ್ ಡಿಸೈನರ್ ಅಲ್ಲ. ನಿಮ್ಮ ಟರ್ಬೊಗೆ ಎಷ್ಟು ಪ್ರೆಷರ್, ಯಾವ ಎಣ್ಣೆ ಅನ್ನೋದು ಅದರ ಮಾಡೆಲ್ ನೋಡದೆ ಹೇಳಲ್ಲ. ಬುಷ್ ಇರುವಂಥದಕ್ಕೆ 2ರಿಂದ 4 ಬಾರ್ ಸಾಮಾನ್ಯ, ಬಾಲ್ ಬೇರಿಂಗಿನದಾದ್ರೆ ಲೆಕ್ಕವೇ ಬೇರೆ. ಕಂಪ್ರೆಸರ್ ಕಡೆ ಸೋರಿದ ಎಣ್ಣೆ ಡಬ್ಬದೊಳಗೆ ಹೋಗಿ ಇಂಧನದ ಹಾಗೆ ಉರಿಯುತ್ತೆ, ಗ್ಯಾಸ್ ತಿರುಗಿಸಿ ಬಂದ್ ಮಾಡಿದ್ರೂ ಸ್ಪೀಡ್ ಕೈಗೆ ಸಿಗದೆ ಇರಬಹುದು. ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ, ಗೈಡ್ ಮೇಷ್ಟ್ರೂ ನಿಲ್ಲೋದು ಬೇಡ.

ಇನ್ನು ನನ್ನ ಹತ್ತಿರ ಬರೋದಾದ್ರೆ ಬರೀ ಟರ್ಬೊ ಚೀಲದಲ್ಲಿ ಹಾಕ್ಕೊಂಡು ಬರಬೇಡಿ. ಟ್ಯಾಂಕು, ಪೈಪು, ಟ್ರಾಲಿ ಎಲ್ಲ ಜೋಡಿಸಿದ ಹಾಗೇ ತನ್ನಿ. ಗಾಡಿ ಬಾಡಿಗೆ ಒಂದು ಸೀಲ್ ಕಿಟ್ಟಿಗಿಂತ ಕಡಿಮೆನೇ ಆಗುತ್ತೆ.